ಕಿಲ್ಲೆಯ ಊರಿಗೆ ಒಯ್ದ ಕಲ್ಲು

ನನ್ನ ಅಕ್ಕ ಫ್ರಾನ್ಸ್ ದೇಶದಲ್ಲಿ ಒಂದು ಕಿಲ್ಲೆಯೊಳಗೆ ಇರುತ್ತಾಳೆ ಎಂದು ಅಫಜಲಪುರದ ನಮ್ಮ ಓಣಿಯವರು ಬಹಳ ವರ್ಷ ನಂಬಿದ್ದರು. ಅವಳು ಮೊಬೈಲಿಗೆ ಕಳಿಸಿದ ಒಂದು ಫೋಟೋವನ್ನು ನಾನೇ ನಾಲ್ಕು ಮಂದಿಗೆ ತೋರಿಸಿದ್ದೆ. ಬೆಟ್ಟದ ನೆತ್ತಿಯ ಮೇಲೆ ಕಲ್ಲಿನ ಗೋಡೆ, ಎರಡು ಬುರುಜು, ಅದರ ಮುಂದೆ ಕೆಂಪು ಸ್ವೆಟರ್ ಹಾಕಿಕೊಂಡ ಅಕ್ಕ. ನಾನು ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತೇನೆ. ರೊಟ್ಟಿ ಒಯ್ಯಲು ಬರುವ ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಕೂತು ಕೆಣಕುತ್ತಿದ್ದರು.

“ಏನ್ ಬೇ, ನಿಮ್ಮಕ್ಕ ರಾಣಿ ಆಗ್ಯಾಳಂತಲ್ಲ? ಆ ಕಿಲ್ಲೇದಾಗ ಎಷ್ಟ್ ಖೋಲಿ ಅವ?”

“ನನಗೇನ್ ಮಾಲೂಮ್ರಿ, ನಾ ಏನ್ ಎಣಿಸೀನೇನು?”

“ಹೋಗಿ ಎಣಿಸಿ ಬಾ ಮತ್ತ. ಒಂದ್ ಖೋಲಿ ನಿನಗ ಬಿಟ್ಟುಕೊಟ್ರ ಅಲ್ಲೇ ಒಲಿ ಹೂಡು. ನಾವೂ ವಿಮಾನದಾಗ ಬಂದು ರೊಟ್ಟಿ ಒಯ್ತೇವಿ.”

ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ಅಕ್ಕ ಆ ಕಿಲ್ಲೆಯ ಬಾಗಿಲಲ್ಲಿ ಟಿಕೆಟ್ ಕೊಡುವ ಕೆಲಸ ಮಾಡುತ್ತಿದ್ದಳು. ಬೇಸಿಗೆಯಲ್ಲಿ ನೋಡಲು ಬರುವ ಮಂದಿಗೆ ಟಿಕೆಟ್, ಚಳಿಗಾಲದಲ್ಲಿ ಕಿಲ್ಲೆ ಮುಚ್ಚಿದ ಮೇಲೆ ಶಾಲೆಯ ಮಕ್ಕಳಿಗೆ ಊಟ ಬಡಿಸುವುದು. ಅವಳು ಅದನ್ನು ಮುಚ್ಚಿಟ್ಟಿರಲಿಲ್ಲ. ನಾನೇ ಊರಲ್ಲಿ ಹೇಳಲಿಲ್ಲ. ಸುಳ್ಳನ್ನು ಅದರ ಪಾಡಿಗೆ ಬೆಳೆಯಲು ಬಿಡುವುದು ನನಗೆ ಅಷ್ಟರಲ್ಲಿ ರೂಢಿಯಾಗಿಹೋಗಿತ್ತು. ಏಕೆಂದರೆ ಅದಕ್ಕಿಂತ ದೊಡ್ಡದೊಂದನ್ನು ನಾನು ಅಕ್ಕನಿಗೇ ಹೇಳಿದ್ದೆ.

ನಾನು ಓದಿದ್ದು ಐದನೇ ತರಗತಿ. ಅವ್ವ ತೀರಿಕೊಂಡಾಗ ಮನೆಯಲ್ಲಿ ರೊಟ್ಟಿ ಬಡಿಯಲು ಒಬ್ಬರು ಬೇಕಾಯಿತು. ಅಪ್ಪನದು ಕಿರಾಣಿ ಅಂಗಡಿ. ಇಬ್ಬರು ಹೆಣ್ಣುಮಕ್ಕಳಲ್ಲಿ ಅಕ್ಕ ಓದಿನಲ್ಲಿ ಚುರುಕು, ನಾನು ಮಂದ. ಅದಕ್ಕೆ ಅಪ್ಪ ನನ್ನನ್ನು ಬಿಡಿಸಿ ಅವಳನ್ನು ಓದಿಸಿದ. ತಪ್ಪು ಮಾಡಿದ ಎಂದು ಈಗ ಅನ್ನಿಸುವುದಿಲ್ಲ. ಆಗ ಅನ್ನಿಸುತ್ತಿತ್ತು. ಅಕ್ಕ ಕಲಬುರಗಿಯಿಂದ ರಜೆಗೆ ಬಂದಾಗ ನನ್ನ ಕೈಯ ಸುಟ್ಟ ಗಾಯಗಳಿಗೆ ಎಣ್ಣೆ ಹಚ್ಚುತ್ತಿದ್ದಳು. ಅವಳು ಹಚ್ಚಿದಷ್ಟೂ ನನಗೆ ಉರಿಯುತ್ತಿತ್ತು.

ಅವಳು ಕಲಬುರಗಿಯಲ್ಲಿ ಇತಿಹಾಸ ಓದುವಾಗ ಫ್ರಾನ್ಸಿನವನೊಬ್ಬ ಹಳೆಯ ಗುಮ್ಮಟ, ಕಿಲ್ಲೆಯ ಗೋಡೆಗಳನ್ನು ನೋಡಲು ಬಂದಿದ್ದ. ಹಳೆಯ ಕಲ್ಲುಕಟ್ಟಡಗಳನ್ನು ರಿಪೇರಿ ಮಾಡುವುದು ಅವನ ಕೆಲಸ. ಅವನಿಗೆ ಮಾತು ತಿಳಿಸಿ ಹೇಳಲು ಕಾಲೇಜಿನವರು ಅಕ್ಕನನ್ನು ಜೊತೆಗೆ ಕಳಿಸಿದರು. ಅವನನ್ನೇ ಮದುವೆಯಾಗುತ್ತೇನೆ ಎಂದು ಹೇಳಲು ಅವಳು ಒಂದು ಮಧ್ಯಾಹ್ನ ಮನೆಗೆ ಬಂದಳು. ಆಳಂದದ ಕಡೆಯಿಂದ ನನಗೆ ಒಂದು ಸಂಬಂಧ ಬಂದು ಮಾತು ಮುಗಿಯುವುದರಲ್ಲಿತ್ತು.

ಅಪ್ಪ ಕೂಗಾಡಲಿಲ್ಲ. ಉಣ್ಣುತ್ತಿದ್ದ ತಾಟು ಸರಿಸಿ ಹೇಳಿದ.

“ಹೋಗಾಕಿ ಹೋಗು. ಕೊರಳಾಗಿಂದು ತೆಗೆದಿಟ್ಟು ಹೋಗು.”

ಅವನು ಹೇಳಿದ್ದು ಬಂಗಾರದ ಮಾತಲ್ಲ. ನಮ್ಮಲ್ಲಿ ಹುಟ್ಟಿದ ಕೂಸಿಗೆ ಲಿಂಗ ಕಟ್ಟುತ್ತಾರೆ. ತಿಳಿವಳಿಕೆ ಬಂದ ಮೇಲೆ ಮಠದ ಸ್ವಾಮಿಗಳು ದೀಕ್ಷೆ ಕೊಟ್ಟು ಅದನ್ನೇ ಅಂಗೈಯಲ್ಲಿ ಇಡುತ್ತಾರೆ. ಅಲ್ಲಿಂದ ಮುಂದೆ ಅದು ಮೈ ಬಿಟ್ಟು ಇರುವಂತಿಲ್ಲ. ದಿನಾ ಮುಂಜಾನೆ ಎಡಗೈಯಲ್ಲಿ ಇಟ್ಟುಕೊಂಡು ಪೂಜೆ. ಸತ್ತಾಗ ಅದೇ ಎಡಗೈಯಲ್ಲಿ ಅದೇ ಲಿಂಗವನ್ನಿಟ್ಟು, ಕೂಡಿಸಿ, ಮಣ್ಣು ಕೊಡುತ್ತಾರೆ. ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ.

“ಇದು ನಂದಪ್ಪಾ,” ಎಂದಳು ಅಕ್ಕ.

“ನಿಂದು ಅಂತ ತಿಳಿದಿದ್ರ ನೀ ಹಿಂಗ ಮಾಡ್ತಿದ್ದಿಲ್ಲ.”

ಅಕ್ಕ ದಾರ ಬಿಚ್ಚಿ, ಬೆಳ್ಳಿಯ ಕರಡಿಗೆಯ ಸಮೇತ ಲಿಂಗವನ್ನು ದೇವರ ಜಗಲಿಯ ಮೇಲಿಟ್ಟಳು. ಬಾಗಿಲಲ್ಲಿ ನನ್ನ ಕೈ ಹಿಡಿದು ಒಂದೇ ಮಾತು ಹೇಳಿದಳು.

“ತಂಗೀ, ಅದನ್ನ ಜ್ವಾಕಿ ಮಾಡು. ದಿನಾ ಒಂದ್ ಹನಿ ನೀರ್ ಹಾಕು, ಸಾಕು.”

ನಾನು ಹೂಂ ಎಂದೆ.

ಆಳಂದದವರು ಎಂಟು ದಿನದೊಳಗೆ ಮಾತು ಮುರಿದರು. ಅಂಥ ಮನೆಯ ಹೆಣ್ಣು ನಮಗೆ ಬೇಡ ಎಂದು ಯಾರದೋ ಕೈಯಲ್ಲಿ ಹೇಳಿ ಕಳಿಸಿದರು. ಅಪ್ಪ ಅಂಗಡಿಯಿಂದ ಬಂದು ಜಗಲಿಯ ಕಡೆ ನೋಡದೆ ನನಗೆ ಹೇಳಿದ. “ಅದನ್ನ ಹೊಳಿಗೆ ಬಿಟ್ಟು ಬಾ. ಇನ್ನ ಆಕಿ ಇಲ್ಲ ನಮಗ.”

ಅಮಾವಾಸ್ಯೆಗೆ ಹೊಳೆದಂಡೆಯ ಘತ್ತರಗಿಗೆ ಹೋಗುವ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಂಥದೇ ಬಸ್ಸಿನಲ್ಲಿ ಹೋದೆ. ಭಾಗ್ಯವಂತಿಯ ಗುಡಿಗೆ ಹೋಗಲಿಲ್ಲ, ನೇರ ನೀರಿಗೆ ಇಳಿದೆ. ಬಗಲಲ್ಲಿ ಮಂದಿ ಮೀಯುತ್ತಿದ್ದರು, ಯಾರದೋ ಕೂಸು ತಣ್ಣೀರಿಗೆ ಚೀರುತ್ತಿತ್ತು. ಲಿಂಗವನ್ನು ಹೊಳೆಗೆ ಬಿಡದೆ ವಾಪಸು ತಂದು ಜೋಳ ತುಂಬಿಡುವ ಗಳಿಗೆಯಲ್ಲಿ ಬಚ್ಚಿಡಬಹುದಿತ್ತು. ಅಪ್ಪ ಎಂದೂ ಹುಡುಕುತ್ತಿರಲಿಲ್ಲ. ಅದು ನನಗೆ ಆಗಲೇ ಹೊಳೆದಿತ್ತು. ಹೊಳೆಯಲಿಲ್ಲ ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಅವಳ ಓದು, ನನ್ನ ಒಲೆ, ಮುರಿದ ಮಾತು ಎಲ್ಲದರ ಸಿಟ್ಟೂ ಅದರ ಮೇಲೆ ತಿರುಗಿತು. ಕರಡಿಗೆ ತೆರೆದು, ಬಟ್ಟೆ ಬಿಚ್ಚಿ, ಲಿಂಗವನ್ನು ಭೀಮಾ ಹೊಳೆಯಲ್ಲಿ ಎಸೆದೆ. ಬಿಡುವುದು ಬೇರೆ, ಎಸೆಯುವುದು ಬೇರೆ. ನಾನು ಎಸೆದೆ. ಕರಡಿಗೆಯನ್ನು ಮಾತ್ರ ಬೆಳ್ಳಿಯದೆಂದು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ.

ಅಪ್ಪ ಊಟಕ್ಕೆ ಕೂತಾಗ ತಲೆ ಎತ್ತದೆ ಕೇಳಿದ.

“ಬಿಟ್ಟೇನು?”

“ಬಿಟ್ಟೆ.”

“ಖರೇನಾ?”

“ಹೂಂ ಅಪ್ಪಾ.”

ಅವನ ಕೈಯಲ್ಲಿನ ತುತ್ತು ತಾಟಿಗೇ ಬಿತ್ತು. “ನೀ ಬಿಡಂಗಿಲ್ಲ ಅಂತ ತಿಳಿದಿದ್ದೆ,” ಎಂದು ಎದ್ದು ಕೈ ತೊಳೆದುಕೊಂಡ. ಅದಾದ ಮೇಲೆ ಅವನು ಬದುಕಿದ್ದಷ್ಟು ವರ್ಷ ಈ ಮಾತು ಮತ್ತೆ ಬರಲಿಲ್ಲ.

ನನ್ನ ಮದುವೆ ತಡವಾಗಿಯಾದರೂ ಆಯಿತು. ಗಂಡ ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ, ಒಳ್ಳೆಯವನು. ನಾವು ಅಪ್ಪನ ಮನೆಯಲ್ಲೇ ಉಳಿದೆವು. ಅಪ್ಪ ತೀರಿಕೊಂಡ ವಾರವೇ ಅಕ್ಕನ ಫೋನ್ ಬಂತು. ಯಾರೋ ಗೆಳತಿಯಿಂದ ನಂಬರು ತೆಗೆದುಕೊಂಡಿದ್ದಳು. ಇಬ್ಬರೂ ಅತ್ತೆವು. ಅಳು ನಿಂತ ಮೇಲೆ ಅವಳು ಕೇಳಿದಳು.

“ತಂಗೀ, ನನ್ನ ಲಿಂಗ?”

“ಅದ ಅಕ್ಕಾ. ಜಗಲಿ ಮ್ಯಾಲೆ ಅದ.”

ಯೋಚಿಸಿ ಹೇಳಿದ ಮಾತಲ್ಲ. ಅವಳ ಅಳುವ ದನಿಗೆ ನನ್ನ ಬಾಯಿ ತಾನೇ ಕೊಟ್ಟ ಉತ್ತರ ಅದು. ಆದರೆ ಮುಂದಿನ ಭಾನುವಾರ ಅವಳು “ನೀರ್ ಹಾಕ್ದೇನು?” ಎಂದು ಕೇಳಿದಾಗ “ಹಾಕ್ದೆ” ಎಂದದ್ದು ಯೋಚಿಸಿಯೇ. ಆಮೇಲೆ ಪ್ರತಿ ಭಾನುವಾರ ಅದೇ ಪ್ರಶ್ನೆ, ಅದೇ ಉತ್ತರ.

ಒಂದು ವರ್ಷ ಅವಳು ಊರಿಗೆ ಬರುತ್ತೇನೆ ಎಂದಳು. ಮನೆ ನೋಡಬೇಕು, ಜಗಲಿ ನೋಡಬೇಕು ಎಂದಳು.

“ಈಗ ಬ್ಯಾಡ ಅಕ್ಕಾ. ಮಂದಿ ಇನ್ನಾ ಬಾಯಿ ಮಾಡ್ತಾರ. ನನ್ನ ಅತ್ತಿಯವರೂ ಒಂಥರಾ ಇದ್ದಾರ. ಜರಾ ತಡಿ.”

ಬಾಯಿ ಮಾಡುವವರು ಯಾರೂ ಇರಲಿಲ್ಲ. ಅಷ್ಟು ವರ್ಷದ ಮೇಲೆ ಯಾರಿಗೆ ಬೇಕಿತ್ತು? ನನ್ನ ಅತ್ತೆ ಅವಳ ಕಿಲ್ಲೆಯ ಫೋಟೋವನ್ನು ಬೀಗರಿಗೆಲ್ಲ ತೋರಿಸುತ್ತಿದ್ದಳು. ಮತ್ತೊಮ್ಮೆ ಕೇಳಿದಾಗಲೂ ಬೇಡ ಎಂದೆ. ಮೂರನೇ ಸಲ ಅವಳು ಕೇಳಲಿಲ್ಲ.

ಆಮೇಲೆ ಅವಳ ಹೊಟ್ಟೆಯಲ್ಲಿ ಗಂಟು ಕಾಣಿಸಿತು. ಆಪರೇಷನ್ ಆಯಿತು, ಕೂದಲು ಹೋಯಿತು, ಗಂಟು ಮತ್ತೆ ಬಂತು. ಕಡೆಗೆ ಒಂದು ದಿನ ಹೇಳಿದಳು.

“ನೀನೇ ಬಾ ಇನ್ನ. ಟಿಕೆಟ್ ನಮ್ಮನಿಯವರು ಕಳಿಸ್ತಾರ. ಬರೂವಾಗ ಅದನ್ನ ತಾ. ನಾ ಹೋಗೂ ಮುಂದ ನನ್ನ ಲಿಂಗ ನನ್ನ ಕೈಯಾಗ ಇರಬೇಕು. ಬ್ಯಾರೆ ಏನೂ ಬ್ಯಾಡ ನನಗ.”

ನಿಜ ಹೇಳಲು ಅದೇ ಸಮಯವಾಗಿತ್ತು. ನಾನು “ತರ್ತೇನಿ ಅಕ್ಕಾ” ಎಂದೆ.

ಜೇವರ್ಗಿಯಲ್ಲಿ ನಮ್ಮ ಗುರುತಿನವರು ಯಾರೂ ಇಲ್ಲ. ಅದಕ್ಕೇ ಅಲ್ಲಿಗೆ ಹೋದೆ. ವಿಭೂತಿ, ಶಿವದಾರ, ರುದ್ರಾಕ್ಷಿ ಮಾರುವ ಸಣ್ಣ ಅಂಗಡಿ. ಮುದುಕನೊಬ್ಬ ಡಬ್ಬಿ ತೆರೆದು ಲಿಂಗಗಳನ್ನು ತೋರಿಸಿದ. ಎಲ್ಲವೂ ಕಪ್ಪಗೆ, ನುಣ್ಣಗೆ, ಒಂದೇ ರೀತಿ.

“ಕೂಸಿಗೇನು ಯವ್ವಾ?”

“ಅಲ್ರಿ. ದೊಡ್ಡವರಿಗಿ.”

“ದೊಡ್ಡವರಿಗಿ? ಇಷ್ಟ್ ದಿನ ಏನ್ ಕಟಗೊಂಡಿದ್ರು ಮತ್ತ, ಬೀಗದ ಕೈಯೇನು?” ಎಂದು ತಾನೇ ನಕ್ಕ. ನಾನು ನಗಲಿಲ್ಲ. ಅವನು ಕಾಗದದಲ್ಲಿ ಸುತ್ತಿ ಕೊಡುತ್ತ ಹೇಳಿದ. “ಹಂಗೇ ಕಟ್ಟಬ್ಯಾಡ್ರಿ ಮತ್ತ. ಮಠಕ್ಕ ಒಯ್ದು ಗುರುಗಳ ಕೈಯಿಂದ ಕೊಡಸ್ರಿ. ಇಲ್ಲಂದ್ರ ಇದು ಬರೇ ಕಲ್ಲು.”

ಅದು ನನಗೂ ಗೊತ್ತಿತ್ತು. ಮಠವಿರುವ ಅಂದೋಲಾದ ಬಸ್ಸು ಹತ್ತಿದೆ. ಮಠದ ಗೋಡೆಯ ಪಕ್ಕದಲ್ಲಿ ನಿಂತೆ. ಒಳಗೆ ಹೋದರೆ ಸ್ವಾಮಿಗಳು ಕೇಳುವ ಮೊದಲ ಮಾತು, ಯಾರಿಗೆ, ಅವರೆಲ್ಲಿ, ಅವರ ಮೊದಲಿನ ಲಿಂಗ ಏನಾಯಿತು ಎಂಬುದು. ಮೂರಕ್ಕೂ ನನ್ನ ಬಳಿ ಹೇಳುವಂಥ ಉತ್ತರ ಇರಲಿಲ್ಲ. ಒಳಗೆ ಮಕ್ಕಳು ಊಟಕ್ಕೆ ಸಾಲು ಹಚ್ಚುವ ಸದ್ದು ಕೇಳುತ್ತಿತ್ತು. ಒಬ್ಬಾಕೆ ಹೊರಗೆ ಬಂದು “ಪ್ರಸಾದ ತಗೊಂಡ್ ಹೋಗ್ರಿ ಅಕ್ಕಾರ” ಎಂದು ಕರೆದಳು. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ತಿರುಗಿ ಬಂದೆ. ಮನೆಯಲ್ಲಿ ಆ ಕಲ್ಲನ್ನು ಅಕ್ಕನ ಹಳೆಯ ಕರಡಿಗೆಯಲ್ಲಿಟ್ಟು ಮುಚ್ಚಿದೆ. ಬರೋಬ್ಬರಿ ಕೂತಿತು. ಸಣ್ಣವಳಿದ್ದಾಗ ಅಕ್ಕ ಹಲ್ಲು ಬರುವ ಕಾಲಕ್ಕೆ ಕಚ್ಚಿದ ತಗ್ಗು ಆ ಕರಡಿಗೆಯ ಅಂಚಿನಲ್ಲಿ ಹಾಗೇ ಇತ್ತು.

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹೆಂಗಸು ಕೊರಳಲ್ಲಿದ್ದ ನನ್ನ ಲಿಂಗದ ಕರಡಿಗೆ ಮುಟ್ಟಿ, ಏನೆಂದು ತಿಳಿದು, ಕೈ ಮುಗಿದು ಬಿಟ್ಟಳು. ಅಕ್ಕನಿಗೆಂದು ಒಯ್ಯುತ್ತಿದ್ದದ್ದು ಚೀಲದಲ್ಲಿತ್ತು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಒಣಗಿಸಿದ ಪುಂಡಿಪಲ್ಲೆಯ ನಡುವೆ ಅದು ಮಷೀನಿನೊಳಗೆ ಹೋಗಿ ಆಚೆ ಬಂತು.

ಮಾಮಾ, ಅಂದರೆ ಅಕ್ಕನ ಗಂಡ, ನನ್ನನ್ನು ಕಾರಿನಲ್ಲಿ ಕರೆದೊಯ್ದ. ಬಹಳ ದೂರ. ಬಯಲು ಮುಗಿದು ಬೆಟ್ಟ ಶುರುವಾದ ಮೇಲೆ ದಾರಿ ಸುತ್ತಿ ಸುತ್ತಿ ಏರಿತು. ಅಕ್ಕನಿಂದ ಕಲಿತ ಕನ್ನಡ ಅವನಿಗೆ ಸ್ವಲ್ಪ ಇತ್ತು, ಎಲ್ಲದಕ್ಕೂ ಕೊನೆಗೆ ‘ರಿ’ ಹಚ್ಚುತ್ತಿದ್ದ. “ಥಂಡಿ ರಿ. ಕಿಟಕಿ ಹಾಕ್ರಿ. ಊಟ ಮಾಡ್ರಿ. ಹಿಮ ರಿ, ನೋಡ್ರಿ.” ರಸ್ತೆಗೆ ಅಡ್ಡ ಬಂದ ಕುರಿಗೂ “ಸರೀರಿ!” ಎಂದು ಕೂಗಿದ. ನನಗೆ ನಗು ಬಂತು, ಅವನೂ ನಕ್ಕ. ನಕ್ಕ ಮೇಲೆ ಇಬ್ಬರಿಗೂ ಯಾಕಾದರೂ ನಕ್ಕೆವೋ ಅನ್ನಿಸಿತು.

ಆ ಊರಿನ ಹೆಸರು ಇವತ್ತಿಗೂ ನನ್ನ ಬಾಯಿಗೆ ಸರಿಯಾಗಿ ಬರುವುದಿಲ್ಲ. ಊರು ಎನ್ನುವಷ್ಟು ದೊಡ್ಡದೂ ಅಲ್ಲ. ಬೆಟ್ಟದ ಮಗ್ಗುಲಿಗೆ ಅಂಟಿಕೊಂಡ ಕಲ್ಲಿನ ಮನೆಗಳು, ಒಂದು ಚರ್ಚು, ಒಂದು ಕಲ್ಲಿನ ತೊಟ್ಟಿಗೆ ಸದಾ ಬೀಳುವ ನೀರು. ಅರ್ಧಕ್ಕರ್ಧ ಮನೆಗಳ ಕಿಟಕಿಗಳಿಗೆ ಕಟ್ಟಿಗೆಯ ಬಾಗಿಲು ಹಾಕಿತ್ತು. ಅವುಗಳ ಮಾಲೀಕರು ಬೇಸಿಗೆಗೆ ಮಾತ್ರ ಬರುತ್ತಾರಂತೆ. ಅಂಗಡಿ ಇಲ್ಲ. ಬ್ರೆಡ್ಡಿನ ಗಾಡಿ ಬಂದು ಹಾರ್ನ್ ಹೊಡೆದಾಗ ಮುದುಕಿಯರು ಒಬ್ಬೊಬ್ಬರೇ ಹೊರಬಂದು ತೆಗೆದುಕೊಂಡು ಒಳಗೆ ಹೋಗುತ್ತಿದ್ದರು. ಎಲ್ಲಕ್ಕೂ ಮೇಲೆ ಬಂಡೆಯ ತುದಿಯಲ್ಲಿ ಆ ಕಿಲ್ಲೆ. ಫೋಟೋದಲ್ಲಿ ಚಂದ ಕಂಡದ್ದು ಅಲ್ಲಿ ಹಾಗೆ ಕಾಣಲಿಲ್ಲ. ಮಧ್ಯಾಹ್ನದ ಊಟ ಮುಗಿಸಿ ಏಳುವಷ್ಟರಲ್ಲಿ ಸೂರ್ಯ ಅದರ ಹಿಂದೆ ಸರಿಯುತ್ತಿದ್ದ. ಅದರ ನೆರಳು ಓಣಿಯಲ್ಲಿ ಇಳಿದು, ನೀರಿನ ತೊಟ್ಟಿ ದಾಟಿ, ಅಕ್ಕ ಮಲಗಿದ್ದ ಕೋಣೆಗೆ ಬರುತ್ತಿತ್ತು. ಬಂದ ಕೂಡಲೇ ದೀಪ ಹಚ್ಚಬೇಕು, ಒಲೆಗೆ ಕಟ್ಟಿಗೆ ಹಾಕಬೇಕು.

ಅಕ್ಕನನ್ನು ನೋಡಿ ನನಗೆ ಗುರುತು ಹತ್ತಲಿಲ್ಲ. ತಲೆಗೆ ವಸ್ತ್ರ ಕಟ್ಟಿತ್ತು. ಮೈಯಲ್ಲಿ ಕಣ್ಣು ಮಾತ್ರ ಉಳಿದಿದ್ದವು.

“ಬಂದೇ ಬೇ?” ಎಂದಳು. “ಹೆಂಗ್ ಉಬ್ಬೀಯಲ್ಲ! ರೊಟ್ಟಿ ಮಾರ್ತೀಯೋ ಎಲ್ಲಾ ನೀನೇ ತಿಂತೀಯೋ?”

ಅವಳು ನನ್ನ ಮುಖ ನೋಡುವ ಮೊದಲು ನನ್ನ ಚೀಲ ನೋಡಿದ್ದಳು. ನಾನು ಕರಡಿಗೆ ತೆಗೆದು ಕೈಗೆ ಕೊಟ್ಟೆ. ಅಂಚಿನ ತಗ್ಗಿನ ಮೇಲೆ ಹೆಬ್ಬೆರಳು ಆಡಿಸಿದಳು. ತೆರೆದು, ಕಲ್ಲನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು.

“ಹಗುರ ಅನಸಾಕತ್ತದಲ್ಲ,” ಎಂದಳು.

ನಾನು ಚೀಲದಿಂದ ರೊಟ್ಟಿಯ ಗಂಟು ತೆಗೆಯತೊಡಗಿದೆ.

“ನನ್ನ ಕೈನೇ ಮರ್ತದ ನೋಡು,” ಎಂದು ಕಣ್ಣಿಗೆ ಒತ್ತಿಕೊಂಡಳು.

ಮರುದಿನದಿಂದ ಮುಂಜಾನೆ ಅವಳನ್ನು ದಿಂಬಿಗೆ ಆನಿಸಿ ಕೂಡಿಸುವುದು, ಹಣೆಗೆ ವಿಭೂತಿ ಹಚ್ಚುವುದು ನನ್ನ ಕೆಲಸವಾಯಿತು. ಪತ್ರಿ ಅಲ್ಲಿ ಸಿಗುವುದಿಲ್ಲ. ಮಾಮಾ ಬೇಲಿಯಿಂದ ಯಾವುದೋ ಹಸಿರೆಲೆ ಕಿತ್ತು, ತೊಳೆದು, ತಾಟಿನಲ್ಲಿ ತಂದಿಡುತ್ತಿದ್ದ. ಅಕ್ಕ ಕಲ್ಲಿನ ಮೇಲೆ ನೀರು ಬಿಟ್ಟು, ಎಲೆ ಏರಿಸಿ, ದೃಷ್ಟಿ ಇಟ್ಟು ಕೂರುತ್ತಿದ್ದಳು. ನಾನು ಪಕ್ಕದಲ್ಲಿ ನನ್ನ ಲಿಂಗ ಹಿಡಿದು ಕೂರುತ್ತಿದ್ದೆ. ನೋವಿನ ಗುಳಿಗೆಗಿಂತ ಆ ಹೊತ್ತಿನಲ್ಲೇ ಅವಳ ಮುಖ ಸಡಿಲವಾಗುತ್ತಿತ್ತು. ನನಗೆ ಪೂಜೆ ಹತ್ತಲಿಲ್ಲ. ನನ್ನ ಕಣ್ಣು ಅವಳ ಅಂಗೈ ಮೇಲೇ ಇರುತ್ತಿತ್ತು.

ಪಕ್ಕದ ಮನೆಯ ಮುದುಕಿ ಒಂದು ದಿನ ಬಟ್ಟಲಲ್ಲಿ ಸಾರು ತಂದಳು. ನನ್ನನ್ನು ನೋಡಿ ಅಕ್ಕನಿಗೆ ಏನೋ ಕೇಳಿದಳು.

“ಏನಂತ?” ಎಂದೆ.

“ನನ್ನ ದೇವರನ್ನ ಕಾಯ್ದಾಕಿ ನೀನೇ ಏನು ಅಂತ ಕೇಳಾಕತ್ತಾಳ,” ಎಂದಳು ಅಕ್ಕ. “ಊರಿಗೆಲ್ಲಾ ಹೇಳೀನಿ ನಾ. ನನ್ನ ತಂಗಿ ದಿನಾ ನೀರ್ ಹಾಕ್ತಾಳಂತ.”

ಮುದುಕಿ ನನ್ನ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ಅವಳ ಕೈ ತಣ್ಣಗಿತ್ತು, ಸಾರಿನ ವಾಸನೆ ಬರುತ್ತಿತ್ತು. ಆ ಮೇಲೆ ಓಣಿಯಲ್ಲಿ ಯಾರು ಎದುರಾದರೂ ನನಗೆ ತಲೆ ಬಾಗಿಸುತ್ತಿದ್ದರು. ನಾನು ನೀರಿಗೆ ಹೋಗುವ ನೆಪದಲ್ಲೂ ಹೊರಗೆ ಹೋಗುವುದನ್ನು ಬಿಟ್ಟೆ.

ಹೇಳಬೇಕೆಂದು ಒಂದು ಮುಂಜಾನೆ ಗಟ್ಟಿ ಮನಸ್ಸು ಮಾಡಿದೆ. ಪೂಜೆ ಮುಗಿದಿತ್ತು.

“ಅಕ್ಕಾ, ಒಂದ್ ಮಾತು ಹೇಳೂದದ.”

“ಹೇಳು.”

“ಅಪ್ಪ...” ಎಂದೆ. ಅವಳು ತಲೆ ಎತ್ತಿದಳು. ಆ ಕಣ್ಣು ನೋಡಿ ಮಾತು ಹೊರಳಿತು. “ಅಪ್ಪ ನಿನ್ನ ನೆನಸ್ತಿದ್ದ.”

“ಖರೇನಾ? ಏನಂತಿದ್ದ?”

ಏನು ಹೇಳಲಿ? ಅಪ್ಪನ ಬಾಯಿಂದ ಅವಳ ಬಗ್ಗೆ ಬಂದ ಒಂದೇ ಒಂದು ಮೆತ್ತನೆಯ ಮಾತು ನನ್ನ ಬಳಿ ಇತ್ತು. ‘ನೀ ಬಿಡಂಗಿಲ್ಲ ಅಂತ ತಿಳಿದಿದ್ದೆ.’ ಅವಳಿಗೆ ಅದಕ್ಕಿಂತ ದೊಡ್ಡ ಸಮಾಧಾನ ಈ ಲೋಕದಲ್ಲಿ ಸಿಗುತ್ತಿರಲಿಲ್ಲ. ಆದರೆ ಅದನ್ನು ಕೊಡಬೇಕೆಂದರೆ ಹೊಳೆಯ ಮಾತನ್ನೂ ಕೊಡಬೇಕಿತ್ತು. ನಾನು ಎರಡನ್ನೂ ಇಟ್ಟುಕೊಂಡೆ.

“ಸುಮ್ನ, ನೆನಸ್ತಿದ್ದ,” ಎಂದೆ.

ಅವಳು ಇನ್ನೂ ಸ್ವಲ್ಪ ಹೊತ್ತು ನನ್ನ ಬಾಯಿಯನ್ನೇ ನೋಡಿದಳು. ಆಮೇಲೆ ಗೋಡೆಯ ಕಡೆ ಹೊರಳಿದಳು.

ತಾನು ಕೆಲಸ ಮಾಡಿದ ಜಾಗ ನಾನು ನೋಡಲೇಬೇಕು ಎಂದು ಅಕ್ಕನೇ ಹಟ ಹಿಡಿದು ನನ್ನನ್ನು ಮಾಮಾನ ಜೊತೆ ಕಿಲ್ಲೆಗೆ ಕಳಿಸಿದಳು. ಹಿಮ ಕರಗಿ ದಾರಿ ಜಾರುತ್ತಿತ್ತು. ಬಾಗಿಲ ಪಕ್ಕದಲ್ಲಿ ಬಸ್ಸಿನ ಕಂಡಕ್ಟರ್ ಕೂರುವಷ್ಟು ಸಣ್ಣ ಗೂಡು, ಅದರ ಗಾಜಿಗೆ ಒಳಗಿನಿಂದ ಅವಳ ಕೈಬರಹದ ಚೀಟಿ ಅಂಟಿಸಿತ್ತು. ಕನ್ನಡದಲ್ಲಿ ‘ಬರ್ರಿ’ ಎಂದು ಬರೆದಿದ್ದಳು. ಅಲ್ಲಿ ಅದನ್ನು ಓದುವವರು ಯಾರಿದ್ದರು? ಒಳಗೆ ಛಾವಣಿ ಇಲ್ಲದ ಕೋಣೆಗಳು, ಹುಲ್ಲು, ಗಾಳಿ. ಮಾಮಾ ತಾನು ಕಟ್ಟಿದ ಗೋಡೆಯ ಭಾಗ ತೋರಿಸಿದ. ಬುರುಜಿನ ಮೇಲಿಂದ ಕೆಳಗೆ ಬೆರಳು ಮಾಡಿದ. ಬಂಡೆಯ ಬುಡದಲ್ಲಿ ಗೋಡೆ ಹಾಕಿದ ಸಣ್ಣ ಜಾಗ, ಶಿಲುಬೆಗಳು.

“ಅಲ್ಲಿ ರಿ,” ಎಂದ. “ಮಣ್ಣಲ್ಲಿ ಕೂಡಿಸಬೇಕು ಅಂತ ಕೇಳಿದೆ. ಆಫೀಸಿನವರು ಆಗೋದಿಲ್ಲ ಅಂದರು. ಪೆಟ್ಟಿಗೆ ಬೇಕು, ಮಲಗಿಸಬೇಕು ಅಂದರು. ಅವಳಿಗೆ ಹೇಳಿದೆ. ಅವಳು ಹೇಳಿದಳು, ಮಲಗಿಸು, ನಡೀತದ. ಕೈಯಲ್ಲಿ ನನ್ನ ಲಿಂಗ ಇದ್ದರೆ ಸಾಕು.”

ನಾನು ತಲೆ ಆಡಿಸಿದೆ.

“ಅವಳು ಇಲ್ಲಿ ಕೂತು ಅಳ್ತಿದ್ದಳು ರಿ. ನಾನು ಹೇಳಿದೆ, ಊರಿಗೆ ಹೋಗು. ಅವಳು ಹೇಳಿದಳು, ತಂಗಿ ಬ್ಯಾಡ ಅಂದಾಳ.” ನನ್ನ ಕಡೆ ತಿರುಗಿ ಕೇಳಿದ. “ಯಾಕ್ರಿ ಬ್ಯಾಡ?”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ತಿಳಿಯದೆ ಕೇಳಿದ್ದ.

“ಮಂದಿ,” ಎಂದೆ.

“ಮಂದಿ,” ಎಂದು ಅವನೂ ಹೇಳಿ, ಆ ಶಬ್ದವನ್ನು ಬಾಯಲ್ಲಿ ಇಟ್ಟುಕೊಂಡು ಇಳಿಯತೊಡಗಿದ.

ಅಕ್ಕ ಒಂದು ಮಧ್ಯಾಹ್ನ ಹೋದಳು, ಕಿಲ್ಲೆಯ ನೆರಳು ಇನ್ನೂ ತೊಟ್ಟಿಯ ಆಚೆ ಇದ್ದಾಗ. ಅವಳ ಎಡಗೈ ಮುಚ್ಚಿತ್ತು. ಕಡೆಯ ದಿನಗಳಲ್ಲಿ ಅವಳು ಕಲ್ಲನ್ನು ಕರಡಿಗೆಗೆ ಹಾಕಲು ಬಿಡುತ್ತಿರಲಿಲ್ಲ. ಮೈ ತೊಳೆಯುವಾಗ ನಾನೇ ಬೆರಳು ಬಿಡಿಸಿ ತೆಗೆದಿಟ್ಟೆ. ನಾನು ಒಯ್ದಿದ್ದ ಸೀರೆ ಉಡಿಸಿದೆ, ವಿಭೂತಿ ಹಚ್ಚಿದೆ. ಮರುದಿನ ಪೆಟ್ಟಿಗೆ ಬಂತು. ಊರಿನ ಮುದುಕಿಯರು, ಶಾಲೆಯ ಅಡುಗೆಮನೆಯವರು, ಮೂರ್ನಾಲ್ಕು ಗಂಡಸರು ಟೋಪಿ ಕೈಯಲ್ಲಿ ಹಿಡಿದು ಕೋಣೆಯ ಗೋಡೆಗೆ ಅಂಟಿಕೊಂಡು ನಿಂತರು. ಎಲ್ಲರೂ ನನಗಾಗಿ ಕಾಯುತ್ತಿದ್ದರು. ಅಲ್ಲಿ ಅವಳ ಮಂದಿ ಎಂದರೆ ನಾನೊಬ್ಬಳೇ.

ಮಾಮಾ ಕಲ್ಲನ್ನು ಶುಭ್ರವಾದ ಬಟ್ಟೆಯಲ್ಲಿ ತಂದು ನನ್ನ ಕೈಗಿಟ್ಟ. “ನೀವು ಇಡ್ರಿ,” ಎಂದ.

ನಾನು ಪೆಟ್ಟಿಗೆಯ ಪಕ್ಕದಲ್ಲಿ ಮೊಣಕಾಲೂರಿದೆ. ಅಕ್ಕ ಬೇಡಿದ್ದು ಒಂದೇ. ಅದನ್ನು ನಾನು ಹೊಳೆಗೆ ಎಸೆದಿದ್ದೆ. ನನ್ನ ಕೈಯಲ್ಲಿದ್ದದ್ದು ಜೇವರ್ಗಿಯ ಅಂಗಡಿಯ ಕಲ್ಲು. ಆದರೆ ನನ್ನ ಕೊರಳಲ್ಲಿ ಗುರು ಕೊಟ್ಟ ಲಿಂಗ ಒಂದಿತ್ತು. ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ ಎನ್ನುತ್ತಾರೆ, ಇರಲಿ. ಒಂದೇ ಮಠದಲ್ಲಿ ಪಡೆದದ್ದು, ಒಂದೇ ಜಗಲಿಯ ಮುಂದೆ ಇಬ್ಬರೂ ಪೂಜಿಸಿದ್ದು. ಬರೇ ಕಲ್ಲಿಗಿಂತ ಅದು ಅವಳಿಗೆ ಸಾವಿರ ಪಾಲು ಮೇಲು. ಅದನ್ನು ಅವಳ ಕೈಯಲ್ಲಿಟ್ಟು, ಅಂಗಡಿಯ ಕಲ್ಲನ್ನು ನಾನು ಕಟ್ಟಿಕೊಂಡು ಹೋಗಬಹುದಿತ್ತು. ನನಗೆ ತಕ್ಕದ್ದು ಅದೇ ಆಗಿತ್ತು.

ನನ್ನ ಕೈ ಕೊರಳಿಗೆ ಹೋಯಿತು. ಶಿವದಾರದ ಗಂಟು ಅರ್ಧ ಬಿಚ್ಚಿದೆ.

ಆಗ ಹೆದರಿಕೆ ಹತ್ತಿತು. ನಾಳೆ ನಾನು ಸತ್ತಾಗ ಇವರು ನನ್ನ ಅಂಗೈಯಲ್ಲಿ ಏನಿಡುತ್ತಾರೆ? ನನ್ನ ಗಂಡ, ಮಕ್ಕಳು ತಿಳಿಯದೆ ಬರೇ ಕಲ್ಲನ್ನು ಇಟ್ಟು ಮಣ್ಣು ಹಾಕುತ್ತಾರೆ. ಕತ್ತಲಲ್ಲಿ ನಾನು ಆ ಕಲ್ಲು ಹಿಡಿದು ಕೂತಿರಬೇಕು. ಅದು ಎಂಥದ್ದು ಎಂದು ನನಗೆ ಪೂರಾ ಗೊತ್ತಿತ್ತು, ಗೊತ್ತಿದ್ದೇ ನನಗೆ ಬೇಡವಾಯಿತು, ಗೊತ್ತಿದ್ದೇ ಅಕ್ಕನಿಗೆ ಕೊಟ್ಟೆ. ಹೊಳೆಯಲ್ಲಿ ಮಾಡಿದ್ದಕ್ಕೆ ಸಿಟ್ಟು ಎಂಬ ನೆಪವಾದರೂ ಇದೆ. ಇದಕ್ಕೆ ಯಾವ ನೆಪವೂ ಇಲ್ಲ.

ಅವಳ ಬೆರಳು ಬಿಗಿದಿದ್ದವು. ಒಂದೊಂದೇ ಬಿಡಿಸಿ, ಅಂಗಡಿಯ ಕಲ್ಲನ್ನು ಅಂಗೈ ನಡುವೆ ಇಟ್ಟು, ಮತ್ತೆ ಮಡಿಚಿದೆ. ಆಮೇಲೆ ತಲೆ ಬಗ್ಗಿಸಿ, ಎರಡೂ ಕೈ ಕೊರಳಿಗೆ ತಂದು, ನನ್ನ ದಾರದ ಗಂಟನ್ನು ಬಿಗಿ ಮಾಡಿಕೊಳ್ಳತೊಡಗಿದೆ. ಗಂಟು ಬೇಗ ಕೂಡಲಿಲ್ಲ. ನಾನು ನಮ್ಮ ಮಂತ್ರ ಹೇಳುತ್ತಿದ್ದೇನೆ ಎಂದು ತಿಳಿದು ಮಾಮಾ ನನ್ನ ಪಕ್ಕದಲ್ಲಿ ಮೊಣಕಾಲೂರಿ ಕೈ ಮುಗಿದ. ಅವನನ್ನು ನೋಡಿ ಉಳಿದವರೂ ತಲೆ ತಗ್ಗಿಸಿದರು. ನಾನು ಗಂಟು ಹಾಕಿ ಮುಗಿಸುವವರೆಗೆ ಆ ಕೋಣೆಯಲ್ಲಿ ಯಾರೂ ಅಲುಗಾಡಲಿಲ್ಲ.